ಕೋರ್ಟಿನ ಹಿಂದಿನ ಬೆಂಚು



2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ ನಡೆದ ಘಟನೆ ಇಲ್ಲಿರುವ ಹಲವರಿಗೆ ನೆನಪಿರಬಹುದು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಗುಜರಾತಿನಿಂದ ಮಗನ ಮನೆಗೆ ಬಂದಿದ್ದ 57 ವರ್ಷದ ಹಿರಿಯರೊಬ್ಬರು ಬೆಳಗಿನ ಹೊತ್ತು ಬಡಾವಣೆಯ ರಸ್ತೆಯಲ್ಲಿ ನಡೆದಾಡುತ್ತಿದ್ದರು. ತೆಳ್ಳಗಿನ ಕಪ್ಪು ಮನುಷ್ಯನೊಬ್ಬ ಅನುಮಾನ ಬರುವಂತೆ ಅಡ್ಡಾಡುತ್ತಿದ್ದಾನೆಂದು ನೆರೆಯವರೊಬ್ಬರು ಪೊಲೀಸರಿಗೆ ಫೋನು ಮಾಡಿದರು. ಬಂದ ಪೊಲೀಸರ ಪ್ರಶ್ನೆಗಳಿಗೆ ಉತ್ತರಿಸುವಷ್ಟು ಇಂಗ್ಲಿಷ್ ಆ ಹಿರಿಯರಿಗೆ ಬರುತ್ತಿರಲಿಲ್ಲ. ಅಧಿಕಾರಿಯೊಬ್ಬ ಅವರ ಕೈಗಳನ್ನು ಹಿಂದಕ್ಕೆ ಹಿಡಿದು ನೆಲಕ್ಕೆ ಕೆಡವಿದ. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಅವರ ದೇಹ ಭಾಗಶಃ ಸ್ವಾಧೀನ ತಪ್ಪಿತು.

ಪೊಲೀಸ್ ಕಾರಿನ ಕ್ಯಾಮೆರಾ ಸೆರೆಹಿಡಿದ ದೃಶ್ಯ ಕೆಲವೇ ದಿನಗಳಲ್ಲಿ ಭಾರತೀಯ ವಲಸಿಗರ ಮನೆಮನೆಯನ್ನೂ ತಲುಪಿತು. ರಾಜ್ಯದ ಗವರ್ನರ್ ಭಾರತದ ಕಾನ್ಸುಲ್ ಜನರಲ್ ಅವರಿಗೆ ಪತ್ರ ಬರೆದು ಕ್ಷಮೆ ಕೋರಿದರು. ಆಕ್ರೋಶ ಎಲ್ಲೆಡೆ ಇತ್ತು. ಅದರ ನಂತರ ನಡೆದದ್ದು ಅಷ್ಟು ಜನರಿಗೆ ತಿಳಿದಿಲ್ಲ. ಆ ಅಧಿಕಾರಿಯ ಮೇಲೆ ಫೆಡರಲ್ ನ್ಯಾಯಾಲಯದಲ್ಲಿ ನಾಗರಿಕ ಹಕ್ಕುಗಳ ಉಲ್ಲಂಘನೆಯ ಮೊಕದ್ದಮೆ ಹೂಡಲಾಯಿತು. ಅದೇ ವರ್ಷದ ಶರತ್ಕಾಲದಲ್ಲಿ ಎರಡು ಸಲ ವಿಚಾರಣೆ ನಡೆದು, ಎರಡು ಸಲವೂ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಆರೋಪಿಯನ್ನು ಖುಲಾಸೆಗೊಳಿಸಿದರು. ರಾಜ್ಯದ ನ್ಯಾಯಾಲಯದಲ್ಲಿದ್ದ ಹಲ್ಲೆಯ ಪ್ರಕರಣವೂ ಅದೇ ವರ್ಷ ಕೈಬಿಡಲ್ಪಟ್ಟಿತು.

ಆ ತೀರ್ಪು ಸರಿಯೇ ತಪ್ಪೇ ಎಂಬುದು ಈ ಮಾತುಕತೆಯ ವಿಷಯವಲ್ಲ. ವಿಷಯ ಇಷ್ಟೇ: ಆಕ್ರೋಶದ ಆಯುಸ್ಸು ಎರಡು ವಾರ, ಪ್ರಕರಣದ ಆಯುಸ್ಸು ಒಂದು ವರ್ಷಕ್ಕೂ ಹೆಚ್ಚು. ದೃಶ್ಯ ನೋಡಿದವರಲ್ಲಿ ಎಷ್ಟು ಮಂದಿ ತೀರ್ಪು ಓದಿದರು? ಪ್ರತಿಭಟನೆಯ ಭಾಷೆಯನ್ನು ಚೆನ್ನಾಗಿ ಬಲ್ಲ ಪ್ರಗತಿಪರ ವಲಸಿಗರು ಮೊಕದ್ದಮೆಯ ಭಾಷೆಯನ್ನು ಇನ್ನೂ ಕಲಿತಿಲ್ಲ. ತಾವು ವಾಸಿಸುವ ಊರಿನಲ್ಲಿ ಒಬ್ಬ ಯೋಗ್ಯ ವಕೀಲರನ್ನು ಹುಡುಕುವುದು, ಒಂದು ಕ್ರಿಮಿನಲ್ ಪ್ರಕರಣವನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಹಿಂಬಾಲಿಸುವುದು, ಈ ಎರಡು ಕೆಲಸಗಳು ಪೌರತ್ವದ ಪ್ರಾಥಮಿಕ ಪಾಠಗಳು. ಪಾಸ್‌ಪೋರ್ಟಿನ ಬಣ್ಣ ಯಾವುದೇ ಇರಲಿ, ಈ ಪಾಠ ಎಲ್ಲರಿಗೂ ಬೇಕು.

ಕಲಿಯದಿರುವುದಕ್ಕೆ ಕಾರಣವೂ ಇದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳಿ ಬೆಳೆದ ಸಮಾಜ ಇದು. ಕಚೇರಿಯ ಮೆಟ್ಟಿಲು ಹತ್ತದಿರುವುದೇ ಮಾನವಂತರ ಲಕ್ಷಣವೆಂದು ನಂಬಿದ ಮನೆಗಳಿಂದ ಬಂದವರು, ವಿದೇಶದಲ್ಲಿ ತಮ್ಮವರೊಬ್ಬರ ಬಂಧನವಾದಾಗ ಮೊದಲು ಮಾಡುವ ಕೆಲಸ ಫೋನು ಎತ್ತದಿರುವುದು. ಎರಡನೆಯ ಕೆಲಸ, ಆ ಮನೆಯವರನ್ನು ಯುಗಾದಿಯ ಊಟಕ್ಕೆ ಕರೆಯದಿರುವುದು. ಆರೋಪ ಹೊರಿಸಿದ ದಿನವೇ ಸಮುದಾಯದ ತೀರ್ಪು ಹೊರಬಿದ್ದಿರುತ್ತದೆ. ನ್ಯಾಯಾಲಯದ ತೀರ್ಪು ಬರುವ ಹೊತ್ತಿಗೆ ಅದನ್ನು ಕೇಳಲು ಯಾರೂ ಉಳಿದಿರುವುದಿಲ್ಲ.

ಮೊದಲ ಗಂಟೆಗಳಿಂದಲೇ ಆರಂಭಿಸಬಹುದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಂಬಿಕೆ ವಿದ್ಯಾವಂತ ವಲಸಿಗನಲ್ಲಿ ಬಲವಾಗಿದೆ. ನಡೆದದ್ದನ್ನು ವಿವರಿಸಿ ಹೇಳಿದರೆ ಪೊಲೀಸರು ಅರ್ಥಮಾಡಿಕೊಳ್ಳುತ್ತಾರೆ ಎಂದು ಆತ ಭಾವಿಸುತ್ತಾನೆ. ಠಾಣೆಯ ಕೋಣೆಯಲ್ಲಿ ಈ ಗಾದೆ ಕೆಲಸ ಮಾಡುವುದಿಲ್ಲ. ಮೌನವಾಗಿರುವ ಹಕ್ಕು, ವಕೀಲರ ಹಕ್ಕು ಇವೆರಡನ್ನೂ ವಶದಲ್ಲಿರುವವರಿಗೆ ವಿಚಾರಿಸುವ ಮುನ್ನ ತಿಳಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು 1966ರ ಮಿರಾಂಡಾ ತೀರ್ಪಿನಲ್ಲಿ ಹೇಳಿತು. ಆದರೆ ಸುಮ್ಮನೆ ಕುಳಿತರೆ ಸಾಲದು, ಹಕ್ಕನ್ನು ಬಳಸುತ್ತಿರುವುದಾಗಿ ಬಾಯಿಬಿಟ್ಟು ಹೇಳಬೇಕೆಂದು ಅದೇ ನ್ಯಾಯಾಲಯ 2010ರಲ್ಲಿ ಸ್ಪಷ್ಟಪಡಿಸಿತು. ವಕೀಲರಿಲ್ಲದೆ ಮಾತನಾಡುವುದಿಲ್ಲ ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಲು ಮನೆಯ ಪ್ರತಿಯೊಬ್ಬರಿಗೂ, ಊರಿನಿಂದ ಬಂದ ಅಪ್ಪ ಅಮ್ಮನಿಗೂ, ಬರಬೇಕು. ವಾರಂಟಿಲ್ಲದೆ ಬಂಧಿಸಿದಾಗ ಸಾಮಾನ್ಯವಾಗಿ 48 ಗಂಟೆಗಳೊಳಗೆ ಬಂಧನಕ್ಕೆ ತಕ್ಕ ಕಾರಣವಿದೆಯೇ ಎಂದು ನ್ಯಾಯಾಧಿಕಾರಿ ಪರಿಶೀಲಿಸಬೇಕು. ಪರದೇಶದ ಪ್ರಜೆಯಾಗಿದ್ದರೆ ತನ್ನ ದೇಶದ ದೂತಾವಾಸಕ್ಕೆ ವಿಷಯ ತಿಳಿಸುವಂತೆ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನದ ವಿರುದ್ಧ ಭಾರತ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಆಧರಿಸಿದ್ದು ಇದೇ ವಿಧಿಯನ್ನು. ಆದರೆ ದೂತಾವಾಸ ವಕೀಲರ ಪಟ್ಟಿ ಕೊಡಬಲ್ಲದು, ಬಂಧಿತರನ್ನು ಭೇಟಿಮಾಡಬಲ್ಲದು, ಮೊಕದ್ದಮೆ ನಡೆಸಲಾರದು.

ಹಾಗಾದರೆ ವಕೀಲರು ಯಾರು? ಸಮುದಾಯದ ಒಳಗೆ ಈ ಪ್ರಶ್ನೆಗೆ ಸಿಗುವ ಮೊದಲ ಉತ್ತರ, ಎಲ್ಲರ ಗ್ರೀನ್ ಕಾರ್ಡ್ ಅರ್ಜಿ ಬರೆದುಕೊಟ್ಟ ಪರಿಚಯದ ವಕೀಲರ ಹೆಸರು. ಕಣ್ಣಿನ ಡಾಕ್ಟರಿಂದ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿದಂತೆ ಅದು. ಕ್ರಿಮಿನಲ್ ಪ್ರಕರಣ ನಡೆಯುವುದು ಒಂದು ನಿರ್ದಿಷ್ಟ ಕೌಂಟಿಯಲ್ಲಿ. ಅಲ್ಲಿನ ಪ್ರಾಸಿಕ್ಯೂಟರ್ ಯಾವ ಆರೋಪಗಳಲ್ಲಿ ರಾಜಿಗೆ ಒಪ್ಪುತ್ತಾರೆ, ಯಾವ ನ್ಯಾಯಾಧೀಶರು ಜಾಮೀನಿಗೆ ಎಂತಹ ಷರತ್ತು ಹಾಕುತ್ತಾರೆ, ಮೊದಲ ಬಾರಿ ತಪ್ಪು ಮಾಡಿದವರಿಗೆ ಅಲ್ಲಿ ಎಂತಹ ಅವಕಾಶಗಳಿವೆ ಎಂಬುದನ್ನೆಲ್ಲ ದಿನವೂ ಅದೇ ಕಟ್ಟಡದಲ್ಲಿ ನಿಂತು ವಾದಿಸುವವರು ಬಲ್ಲರು. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ಹಣದ ಜಾಮೀನನ್ನೇ ರದ್ದುಮಾಡಿತು. ಬೇರೆ ರಾಜ್ಯಗಳಲ್ಲಿ ಅದು ಇನ್ನೂ ಇದೆ. ರಾಜ್ಯದ ಗಡಿ ದಾಟಿದರೆ ಕಾನೂನೇ ಬದಲಾಗುವ ದೇಶದಲ್ಲಿ ಸ್ಥಳೀಯ ಎಂಬ ವಿಶೇಷಣಕ್ಕೆ ತೂಕವಿದೆ.

ಹುಡುಕುವ ದಾರಿ ಗುಟ್ಟಿನದಲ್ಲ. ಪ್ರತಿ ರಾಜ್ಯದಲ್ಲೂ ವಕೀಲರ ಪರವಾನಗಿಯನ್ನು ನೋಡಿಕೊಳ್ಳುವ ಸಂಸ್ಥೆಯಿದೆ. ಹೆಸರು ಕೊಟ್ಟರೆ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮಕ್ಕೆ ಒಳಗಾಗಿದ್ದಾರೆಯೇ ಎಂಬುದನ್ನು ಸಾಮಾನ್ಯವಾಗಿ ತಿಳಿಯಬಹುದು. ಹಲವು ಕೌಂಟಿಗಳ ವಕೀಲರ ಸಂಘಗಳು ಅರ್ಹರ ಹೆಸರು ಸೂಚಿಸುವ ಸೇವೆ ನಡೆಸುತ್ತವೆ. ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ಇಂತಹ ಆರೋಪದ ಪ್ರಕರಣಗಳನ್ನು ಇದೇ ಕೋರ್ಟಿನಲ್ಲಿ ನಡೆಸಿದ್ದೀರಾ? ವಿಚಾರಣೆಯವರೆಗೆ ಹೋದವು ಎಷ್ಟು? ಕೋರ್ಟಿಗೆ ಬರುವವರು ತಾವೋ, ಕಚೇರಿಯ ಕಿರಿಯರೋ? ಶುಲ್ಕ ಗಂಟೆಯ ಲೆಕ್ಕವೋ, ಒಟ್ಟು ಮೊತ್ತವೋ, ವಿಚಾರಣೆ ನಡೆದರೆ ಅದು ಬೇರೆಯೋ? ಉತ್ತರಗಳು ಬರವಣಿಗೆಯಲ್ಲಿ ಬರಲಿ. ಗೆಲ್ಲಿಸಿಕೊಡುತ್ತೇನೆಂದು ಮಾತು ಕೊಡುವವರ ಬಳಿಯಿಂದ ಎದ್ದುಬರುವುದು ಒಳ್ಳೆಯದು. ಗೆದ್ದರೆ ಮಾತ್ರ ಶುಲ್ಕ ಎಂಬ ಒಪ್ಪಂದವನ್ನು ಕ್ರಿಮಿನಲ್ ಪ್ರಕರಣಗಳಲ್ಲಿ ವೃತ್ತಿನಿಯಮಗಳೇ ನಿಷೇಧಿಸಿವೆ.

ಹಣವಿಲ್ಲದವರ ಪಾಡೇನು? ಈ ಪ್ರಶ್ನೆಗೆ ಅಮೆರಿಕ ಉತ್ತರ ಕಂಡುಕೊಂಡದ್ದು ಒಬ್ಬ ಕೈದಿಯ ಪೆನ್ಸಿಲಿನಿಂದ. 1961ರಲ್ಲಿ ಫ್ಲಾರಿಡಾದ ಪನಾಮ ಸಿಟಿಯಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ ಪೂಲ್ ಆಟದ ಅಂಗಡಿಯೊಂದಕ್ಕೆ ಕನ್ನ ಹಾಕಿದ ಆರೋಪ ಬಂತು. ತನಗೊಬ್ಬ ವಕೀಲರನ್ನು ಕೊಡಿ ಎಂದು ಆತ ಕೇಳಿದ. ಮರಣದಂಡನೆಯ ಪ್ರಕರಣಗಳಲ್ಲಿ ಮಾತ್ರ ಹಾಗೆ ಕೊಡಲು ಅವಕಾಶವೆಂದು ನ್ಯಾಯಾಧೀಶರು ನಿರಾಕರಿಸಿದರು. ತನ್ನ ವಾದವನ್ನು ತಾನೇ ಮಂಡಿಸಿ ಸೋತು ಐದು ವರ್ಷದ ಶಿಕ್ಷೆಗೆ ಒಳಗಾದ ಗಿಡಿಯನ್, ಸೆರೆಮನೆಯಿಂದ ಸುಪ್ರೀಂ ಕೋರ್ಟಿಗೆ ಪೆನ್ಸಿಲಿನಲ್ಲಿ ಅರ್ಜಿ ಬರೆದ. 1963ರ ಮಾರ್ಚ್‌ನಲ್ಲಿ ನ್ಯಾಯಾಲಯ ಒಮ್ಮತದಿಂದ ಆತನ ಪರ ತೀರ್ಪು ಕೊಟ್ಟಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವರಿಗೆ ರಾಜ್ಯವೇ ವಕೀಲರನ್ನು ಒದಗಿಸಬೇಕಾಯಿತು. ಅದೇ ಆಗಸ್ಟ್‌ನಲ್ಲಿ ಮರುವಿಚಾರಣೆ ನಡೆದಾಗ ವಕೀಲರೊಬ್ಬರು ಗಿಡಿಯನ್ ಪರ ಸಾಕ್ಷಿಗಳನ್ನು ಪಾಟಿಸವಾಲಿಗೆ ಒಳಪಡಿಸಿದರು. ಜ್ಯೂರಿ ಆತನನ್ನು ನಿರ್ದೋಷಿಯೆಂದಿತು. ಸಾಕ್ಷ್ಯ ಹೆಚ್ಚುಕಡಿಮೆ ಅದೇ ಇತ್ತು; ಪಕ್ಕದಲ್ಲಿ ನಿಂತವರು ಬದಲಾಗಿದ್ದರು.

ಈ ತೀರ್ಪಿನ ಬಲದಿಂದ ದೇಶವ್ಯಾಪಿಯಾಗಿ ಬೆಳೆದದ್ದು ಪಬ್ಲಿಕ್ ಡಿಫೆಂಡರ್ ಎಂಬ ವ್ಯವಸ್ಥೆ. ಧರ್ಮಕ್ಕೆ ಸಿಗುವ ವಕೀಲರು ಎಂಬ ತಿರಸ್ಕಾರದಿಂದ ಅವರನ್ನು ನೋಡುವ ವಲಸಿಗರಿದ್ದಾರೆ. ಅವರ ಮೇಲೆ ಕೆಲಸದ ಹೊರೆ ವಿಪರೀತವಿರುವುದು ನಿಜ. ಆದರೆ ಆ ಕೋರ್ಟನ್ನು, ಅಲ್ಲಿನ ಪ್ರಾಸಿಕ್ಯೂಟರ್‌ಗಳನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಅವರನ್ನು ಹೀಗಳೆಯುವುದಕ್ಕಿಂತ, ಅವರ ಕಚೇರಿಗೆ ಕೌಂಟಿಯ ಬಜೆಟ್ಟಿನಲ್ಲಿ ಎಷ್ಟು ಹಣ ಇಡಲಾಗಿದೆಯೆಂದು ವಿಚಾರಿಸುವುದು ಪ್ರಗತಿಪರರಿಗೆ ಒಪ್ಪುವ ಕೆಲಸ.

ವಲಸಿಗರಿಗೆ ಇನ್ನೊಂದು ಅಪಾಯವಿದೆ, ಅದು ಶಿಕ್ಷೆಗಿಂತ ದೊಡ್ಡದು. ಹೋಸೆ ಪಡಿಯಾ ಎಂಬ ಲಾರಿ ಚಾಲಕ ಹೊಂಡುರಾಸಿನಲ್ಲಿ ಹುಟ್ಟಿ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಕಾಯಂ ನಿವಾಸಿಯಾಗಿದ್ದವನು, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದವನು. ಮಾದಕವಸ್ತು ಸಾಗಣೆಯ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರೆ ಗಡೀಪಾರಿನ ಚಿಂತೆ ಬೇಡವೆಂದು ಅವನ ವಕೀಲರೇ ಹೇಳಿದ್ದರು. ಆ ಸಲಹೆ ಪೂರ್ತಿ ತಪ್ಪಾಗಿತ್ತು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಎಂದು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಸಾಂವಿಧಾನಿಕ ಹೊಣೆಯೆಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿತು. ಇಂದಿಗೂ ಎಡವುವವರಿದ್ದಾರೆ. ಅಂಗಡಿಯಲ್ಲಿ ಹಣ ಕೊಡದೆ ವಸ್ತು ತಂದ ಸಣ್ಣ ಪ್ರಕರಣವೂ ವಲಸೆ ಕಾನೂನಿನ ಕಣ್ಣಿನಲ್ಲಿ ನೈತಿಕ ಅಧಃಪತನದ ಅಪರಾಧ ಆಗಬಹುದು. ತಪ್ಪೊಪ್ಪಿಕೊಂಡು ಕೆಲವು ತಿಂಗಳು ಸರಿಯಾಗಿ ನಡೆದುಕೊಂಡರೆ ಪ್ರಕರಣ ವಜಾ ಎಂದು ರಾಜ್ಯದ ಕೋರ್ಟು ಹೇಳಿದ್ದರೂ, 1996ರ ಕಾನೂನಿನ ವ್ಯಾಖ್ಯೆಯಂತೆ ವಲಸೆ ಇಲಾಖೆ ಅದನ್ನು ಅಪರಾಧ ಸಾಬೀತಾದಂತೆಯೇ ಎಣಿಸಬಲ್ಲದು. ಆದ್ದರಿಂದ ಸಹಿ ಹಾಕುವ ಮುನ್ನ ಕ್ರಿಮಿನಲ್ ವಕೀಲರೂ ವಲಸೆ ವಕೀಲರೂ ಒಮ್ಮೆ ಕುಳಿತು ಮಾತನಾಡಲೇಬೇಕು.

ಸಮುದಾಯ ನೆರವಿಗೆ ಬಂದಾಗಲೂ ಎಚ್ಚರ ಬೇಕು. ಗೆಳೆಯರು ಚಂದಾ ಎತ್ತಿ ಶುಲ್ಕ ಕಟ್ಟಬಹುದು. ಆದರೆ ವಕೀಲರ ನಿಷ್ಠೆ ಆರೋಪಿಗೆ, ಹಣ ಕೊಟ್ಟವರಿಗಲ್ಲ. ವಕೀಲರ ಕೋಣೆಯೊಳಗೆ ಆಪ್ತರೆಂದು ಮೂರನೆಯವರು ಕುಳಿತರೆ ಆ ಸಂಭಾಷಣೆಗಿರುವ ಗೋಪ್ಯತೆಯ ರಕ್ಷಣೆ ಕಳೆದುಹೋಗಬಹುದು. ಜೈಲಿನಿಂದ ಮನೆಯವರಿಗೆ ಬರುವ ಫೋನು ಕರೆಗಳನ್ನು ಸಾಮಾನ್ಯವಾಗಿ ಧ್ವನಿಮುದ್ರಿಸಲಾಗುತ್ತದೆ. ಕನ್ನಡದಲ್ಲಿ ಆಡಿದ ಮಾತು ಯಾರಿಗೂ ತಿಳಿಯದೆಂದು ಭಾವಿಸುವುದು ಅಪಾಯ. ವಾಟ್ಸಾಪ್ ಗುಂಪಿನಲ್ಲಿ ಬರೆದ ಸಹಾನುಭೂತಿಯ ಸಾಲೂ ಸಾಕ್ಷ್ಯವಾಗಬಲ್ಲದು. ಇಂಗ್ಲಿಷ್ ಬಾರದ ಹಿರಿಯರಿಗೆ ಹಿಂದಿಯ ದುಭಾಷಿಯನ್ನು ಕೊಟ್ಟು ಮುಗಿಸುವ ಪ್ರಯತ್ನ ನಡೆದರೆ, ಕನ್ನಡವೇ ಬೇಕೆಂದು ಕೇಳುವುದು ಭಾಷಾಭಿಮಾನದ ಪ್ರಶ್ನೆಯಲ್ಲ. ಹೊಡೆದೆ, ತಳ್ಳಿದೆ, ಕೈ ತಾಗಿತು ಎಂಬ ಮೂರು ಮಾತುಗಳ ನಡುವಿನ ಅಂತರದ ಮೇಲೆ ಒಬ್ಬರ ಬಿಡುಗಡೆ ನಿಂತಿರಬಹುದು.

ಗೃಹಹಿಂಸೆಯ ಪ್ರಕರಣಗಳಲ್ಲಿ ಈ ಎಚ್ಚರಕ್ಕೆ ಇನ್ನೊಂದು ಮುಖವಿದೆ. ಎಚ್-4 ವೀಸಾದಲ್ಲಿರುವ ಹೆಂಡತಿಯ ವಾಸದ ಹಕ್ಕು ಗಂಡನ ವೀಸಾಕ್ಕೆ ಕಟ್ಟಿಕೊಂಡಿರುತ್ತದೆ. ಪೊಲೀಸರನ್ನು ಕರೆಯುವ ಮುನ್ನ ಆಕೆ ಆ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಕರೆದ ಮೇಲೆ ಸಮುದಾಯದ ಹಿರಿಯರು ಸಂಧಾನಕ್ಕೆ ಹೊರಡುತ್ತಾರೆ. ದೂರು ವಾಪಸು ತಗೋಮ್ಮ, ಮಕ್ಕಳ ಮುಖ ನೋಡಮ್ಮ ಎನ್ನುತ್ತಾರೆ. ಈ ದೇಶದಲ್ಲಿ ಮೊಕದ್ದಮೆ ಆಕೆಯದಲ್ಲ, ರಾಜ್ಯದ್ದು. ಕೈಬಿಡುವ ಅಧಿಕಾರ ಪ್ರಾಸಿಕ್ಯೂಟರ್‌ಗೆ ಮಾತ್ರ. ಸಂಪರ್ಕ ಕೂಡದೆಂದು ನ್ಯಾಯಾಧೀಶರು ಆದೇಶಿಸಿರುವಾಗ ಗಂಡನ ಸಂದೇಶವನ್ನು ಹೊತ್ತು ಹೋಗುವ ಹಿತೈಷಿ, ಆ ಆದೇಶವನ್ನು ಮುರಿಯಲು ನೆರವಾದಂತೆ. ಸಾಕ್ಷಿಯ ಮೇಲೆ ಒತ್ತಡ ತಂದ ಆರೋಪವನ್ನೂ ಎದುರಿಸಬೇಕಾದೀತು. ಅಪರಾಧಕ್ಕೆ ಬಲಿಯಾಗಿ ತನಿಖೆಗೆ ಸಹಕರಿಸುವವರಿಗೆಂದೇ 2000ದ ಕಾನೂನಿನಲ್ಲಿ ಯು ವೀಸಾ ಎಂಬ ಅವಕಾಶ ಸೃಷ್ಟಿಯಾಗಿದೆ. ಆಕೆಗೆ ಮೊದಲು ತಿಳಿಯಬೇಕಾದದ್ದು ಅದು. ಆರೋಪಿಗೆ ವಕೀಲರು ಬೇಕು ಎನ್ನುವ ಸಮಾಜವೇ ನೊಂದವಳಿಗೂ ಪ್ರತ್ಯೇಕವಾದ ಕಾನೂನು ಸಲಹೆ ಬೇಕು ಎನ್ನಬೇಕು. ಎರಡೂ ಒಂದೇ ನ್ಯಾಯದ ಬೇಡಿಕೆಗಳು.

ಇನ್ನು ಪ್ರಕರಣವನ್ನು ಹಿಂಬಾಲಿಸುವ ಕ್ರಮ. ಪ್ರತಿ ಮೊಕದ್ದಮೆಗೂ ಒಂದು ಸಂಖ್ಯೆಯಿದೆ, ಅದೇ ಕೀಲಿಕೈ. ಫೆಡರಲ್ ಪ್ರಕರಣಗಳ ದಾಖಲೆ ಪೇಸರ್ ಎಂಬ ಜಾಲದಲ್ಲಿ ಸಿಗುತ್ತದೆ. ಪುಟಕ್ಕೆ 10 ಸೆಂಟ್, ಮೂರು ತಿಂಗಳಲ್ಲಿ 30 ಡಾಲರ್ ಮೀರದಿದ್ದರೆ ಶುಲ್ಕವೇ ಇಲ್ಲ. ರಾಜ್ಯದ ಪ್ರಕರಣಗಳಿಗೆ ಕೌಂಟಿ ಕ್ಲರ್ಕ್ ಕಚೇರಿಯ ಜಾಲತಾಣ ಅಥವಾ ಕಿಟಕಿ. ಯಾವ ದಿನ ಏನು ಸಲ್ಲಿಕೆಯಾಯಿತು, ಮುಂದಿನ ದಿನಾಂಕ ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಒಂದೇ ಕೃತ್ಯಕ್ಕೆ ಎರಡು ಕೋರ್ಟುಗಳಿರಬಹುದೆಂಬುದೂ ನೆನಪಿರಬೇಕು. 2017ರಲ್ಲಿ ಕ್ಯಾನ್ಸಸ್ಸಿನ ಓಲಾಥೆಯ ಬಾರೊಂದರಲ್ಲಿ ಭಾರತೀಯ ಎಂಜಿನಿಯರ್ ಒಬ್ಬರನ್ನು ಗುಂಡಿಟ್ಟು ಕೊಂದವನು 2018ರ ಮಾರ್ಚ್‌ನಲ್ಲಿ ರಾಜ್ಯದ ಕೋರ್ಟಿನಲ್ಲೂ ಮೇ ತಿಂಗಳಲ್ಲಿ ಫೆಡರಲ್ ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡ. ಕೊಲೆಯೆಂಬುದನ್ನು ಒಂದು ಕೋರ್ಟು, ಜನಾಂಗದ್ವೇಷವೆಂಬುದನ್ನು ಇನ್ನೊಂದು ಕೋರ್ಟು ದಾಖಲಿಸಿತು. ಜ್ಯೂರಿಯ ವಿಚಾರಣೆಗೆಂದು ಕಾದವರಿಗೆ ಅದು ಎರಡೂ ಕಡೆ ಸಿಗಲಿಲ್ಲ. ಇದು ಅಪವಾದವಲ್ಲ. ಫೆಡರಲ್ ಕೋರ್ಟುಗಳಲ್ಲಿ ಸಾಬೀತಾಗುವ ಅಪರಾಧಗಳಲ್ಲಿ ಶೇಕಡ 97, ರಾಜ್ಯದ ಕೋರ್ಟುಗಳಲ್ಲಿ ಶೇಕಡ 94 ತಪ್ಪೊಪ್ಪಿಗೆಯ ಫಲವೆಂದು ಸುಪ್ರೀಂ ಕೋರ್ಟೇ 2012ರ ತೀರ್ಪಿನಲ್ಲಿ ಉಲ್ಲೇಖಿಸಿದೆ. ಸಿನಿಮಾದ ವಿಚಾರಣೆಯನ್ನು ನಿರೀಕ್ಷಿಸುವವರು ನಿಜವಾದ ಪ್ರಕರಣವನ್ನು ಕಾಣಲಾರರು. ಜಾಮೀನಿನ ಹತ್ತು ನಿಮಿಷ, ತಪ್ಪೊಪ್ಪಿಗೆಯ ಇಪ್ಪತ್ತು ನಿಮಿಷ, ಶಿಕ್ಷೆ ಘೋಷಣೆಯ ಒಂದು ಮುಂಜಾನೆ, ನಿರ್ಣಾಯಕ ಕ್ಷಣಗಳು ಇವು.

ಆ ಕ್ಷಣಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವುದು ಯಾರ ಕೃಪೆಯೂ ಅಲ್ಲ. ಕ್ರಿಮಿನಲ್ ವಿಚಾರಣೆಗೆ ಹಾಜರಿರುವುದು ಸಾರ್ವಜನಿಕರ ಹಕ್ಕೆಂದು 1980ರಲ್ಲೇ ತೀರ್ಮಾನವಾಗಿದೆ. ಬಾಲಾರೋಪಿಗಳ ಪ್ರಕರಣಗಳಂತಹ ಕೆಲವನ್ನು ಬಿಟ್ಟರೆ ಬಾಗಿಲು ತೆರೆದೇ ಇರುತ್ತದೆ. ಜಾರ್ಜಿಯಾದ ಒಂದು ಪ್ರಕರಣದಲ್ಲಿ ಜ್ಯೂರಿಯ ಆಯ್ಕೆ ನಡೆಯುವಾಗ ಹಿಂದೆ ಕುಳಿತಿದ್ದವನು ಒಬ್ಬನೇ ಒಬ್ಬ, ಆರೋಪಿಯ ಅಂಕಲ್. ಚಿಕ್ಕಪ್ಪನೋ ಸೋದರಮಾವನೋ ತೀರ್ಪು ಹೇಳುವುದಿಲ್ಲ. ಜಾಗ ಸಾಲದೆಂದು ನ್ಯಾಯಾಧೀಶರು ಆತನನ್ನು ಹೊರಗೆ ಕಳುಹಿಸಿದರು. ಆ ಒಬ್ಬನನ್ನು ಹೊರಗೆ ಕಳುಹಿಸಿದ್ದು ಆರೋಪಿಯ ಸಂವಿಧಾನದತ್ತ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಒಬ್ಬ ಸಂಬಂಧಿಕನ ಇರುವಿಕೆಗೆ ದೇಶದ ಅತ್ಯುನ್ನತ ನ್ಯಾಯಾಲಯ ಕೊಟ್ಟ ಬೆಲೆಯನ್ನು ಕನ್ನಡ ವಲಸಿಗರು ಇನ್ನೂ ಕೊಟ್ಟಿಲ್ಲ. ಅಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ಫೋನು ಆರಿಸಿ, ಮೌನವಾಗಿ ಕುಳಿತು, ನಡೆದದ್ದನ್ನು ಗುರುತು ಹಾಕಿಕೊಳ್ಳುವುದು. ನ್ಯಾಯಾಧೀಶರು, ಪ್ರಾಸಿಕ್ಯೂಟರ್, ವಕೀಲರು ಮೂವರೂ ತಲೆಯೆತ್ತಿ ನೋಡಿದಾಗ ಯಾರೋ ನೋಡುತ್ತಿದ್ದಾರೆಂದು ಅವರಿಗೆ ತಿಳಿದರೆ ಸಾಕು. ಅಲ್ಲಿ ಕೂರುವುದೆಂದರೆ ಆರೋಪಿ ನಿರಪರಾಧಿಯೆಂದು ಸಾರುವುದಲ್ಲ. ನೊಂದವರ ಕಡೆಯ ಬೆಂಚೂ ಖಾಲಿಯಿರಬಾರದು.

ಭಾರತದ ವಿಷಯದಲ್ಲಿ ಈ ಸಭೆಯ ನಿಲುವು ಸ್ಪಷ್ಟವಾಗಿದೆ. ವಿಚಾರಣಾಧೀನ ಕೈದಿಯಾಗಿಯೇ 2021ರ ಜುಲೈ 5ರಂದು ತೀರಿಕೊಂಡ ಸ್ಟ್ಯಾನ್ ಸ್ವಾಮಿಯವರಿಗಾಗಿ ಇಲ್ಲಿನವರು ಮೇಣದಬತ್ತಿ ಹಚ್ಚಿದ್ದಾರೆ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಕೊಲೆಯಾದಾಗ ಬೀದಿಗಿಳಿದಿದ್ದಾರೆ. ಆ ಕೊಲೆಯ ವಿಚಾರಣೆ ಆರಂಭವಾಗಲು 2022 ಬರಬೇಕಾಯಿತು. ಕೊಲೆಯ ದಿನವನ್ನು ಪ್ರತಿವರ್ಷ ನೆನೆಯುವವರಲ್ಲಿ ವಿಚಾರಣೆಯ ದಿನಾಂಕಗಳನ್ನು ತಿಳಿದವರು ಕೆಲವರೇ. ದೂರದ ಸೆರೆಮನೆಗಳ ಬಗ್ಗೆ ಆಡುವ ಮಾತಿಗೆ ತೂಕ ಬರುವುದು, ಮನೆಯಿಂದ ಹತ್ತು ಮೈಲಿಯೊಳಗಿನ ಕೋರ್ಟಿನಲ್ಲೂ ಅದೇ ಅಳತೆಗೋಲನ್ನು ಹಿಡಿದಾಗ.

ಕೊನೆಯದಾಗಿ ಒಂದು ಋಣದ ಮಾತು. ಇಂದು ಕನ್ನಡದ ಎಂಜಿನಿಯರ್ ಒಬ್ಬ ಬಂಧನಕ್ಕೊಳಗಾದರೆ ಆತನನ್ನು ಕಾಯುವ ಹಕ್ಕುಗಳನ್ನು ಸಂಪಾದಿಸಿದವರು ಆತನ ಸಮುದಾಯದವರಲ್ಲ. ಫ್ಲಾರಿಡಾದ ಬಡ ಬಿಳಿಯ ಗಿಡಿಯನ್, ಹೊಂಡುರಾಸಿನ ಲಾರಿ ಚಾಲಕ ಪಡಿಯಾ, ಅರಿಜೋನಾದ ಮೆಕ್ಸಿಕನ್ ಮೂಲದ ಕೂಲಿಕಾರ ಮಿರಾಂಡಾ. ಮಿರಾಂಡಾ ನಿರಪರಾಧಿಯಾಗಿರಲಿಲ್ಲ, ಮರುವಿಚಾರಣೆಯಲ್ಲೂ ಅವನ ಅಪರಾಧ ಸಾಬೀತಾಯಿತು. ಅವನ ಹೆಸರಿನ ಹಕ್ಕು ಮಾತ್ರ ಎಲ್ಲರದಾಯಿತು. ಮ್ಯಾಡಿಸನ್ನಿನ ರಸ್ತೆಯಲ್ಲಿ ಬಿದ್ದ ಅಜ್ಜನನ್ನು ನೆರೆಯವರು ಕಪ್ಪು ಮನುಷ್ಯನೆಂದು ತಿಳಿದದ್ದನ್ನೂ ಮರೆಯುವಂತಿಲ್ಲ. ಕೌಂಟಿ ಕೋರ್ಟಿನಲ್ಲಿ ಬೆಳಗಿನ ಪಟ್ಟಿಯಲ್ಲಿ ಕರೆಯುವ ಹೆಸರುಗಳಲ್ಲಿ ಹೆಚ್ಚಿನವು ಬಡವರವು. ಅವರ ಹಿಂದಿನ ಬೆಂಚೂ ಎಷ್ಟೋ ಸಲ ಖಾಲಿಯೇ.

ಈ ಸಭೆ ಮುಗಿದ ಮೇಲೆ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸಗಳು ಎರಡಿವೆ. ತಮ್ಮ ಕೌಂಟಿಯ ಇಬ್ಬರು ಕ್ರಿಮಿನಲ್ ವಕೀಲರ ಮತ್ತು ಪಬ್ಲಿಕ್ ಡಿಫೆಂಡರ್ ಕಚೇರಿಯ ಫೋನ್ ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಳ್ಳುವುದು ಒಂದು. ಮುಂದಿನ ತಿಂಗಳು ಅರ್ಧ ದಿನ ರಜೆ ಹಾಕಿ, ಗುರುತು ಪರಿಚಯವಿಲ್ಲದವರ ಪ್ರಕರಣವೊಂದು ನಡೆಯುವಾಗ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುವುದು ಇನ್ನೊಂದು. ಪರಿಚಿತರ ಹೆಸರು ಕೂಗುವ ದಿನ ಬರುವ ಮುನ್ನವೇ ಆ ಬಾಗಿಲು, ಆ ಮೆಟ್ಟಿಲು, ಆ ಬೆಂಚು ಅಭ್ಯಾಸವಾಗಿರಲಿ.